ಪವರ್ ಬೀದಿಯ ಸಂತ ಪೌಲರ ಚರ್ಚು: ದುಡಿಯಲು ಬಂದವರು ಕಟ್ಟಿದ್ದು, ಕಳೆದುಕೊಂಡದ್ದು

ದಿಕ್ಸೂಚಿ ಭಾಷಣಕ್ಕೆ ವಿಷಯ ಯಾವುದು ಎಂದು ಕಾರ್ಯದರ್ಶಿಗಳು ಫೋನು ಮಾಡಿದಾಗ, "ಟೊರೊಂಟೊದ ಒಂದು ಹಳೆಯ ಕ್ಯಾಥೊಲಿಕ್ ಚರ್ಚಿನ ಚರಿತ್ರೆ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಹಳ ಮರ್ಯಾದೆಯಿಂದ, "ಕನ್ನಡಕ್ಕೂ ಅದಕ್ಕೂ ಏನಾದರೂ ಸಂಬಂಧ ಇದೆಯಾ ಸಾರ್?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆ ಚರ್ಚನ್ನು ಕಟ್ಟಿದವರು ಐರಿಷ್ ಜನ, ಕನ್ನಡಿಗರಲ್ಲ. ನಾನು ಕ್ರೈಸ್ತನೂ ಅಲ್ಲ, ಇತಿಹಾಸದ ಮೇಷ್ಟ್ರೂ ಅಲ್ಲ. ಕಟ್ಟಡಗಳಲ್ಲಿ ಚಳಿಗಾಲಕ್ಕೆ ಬಿಸಿಗಾಳಿ, ಬೇಸಿಗೆಗೆ ತಂಪುಗಾಳಿ ಬರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆ ಕೆಲಸಕ್ಕೆಂದು ಕಾರ್ಕ್‌ಟೌನ್ ಎಂಬ ಹಳೆಯ ಬಡಾವಣೆಗೆ ವರ್ಷಗಟ್ಟಲೆ ಓಡಾಡಿದೆ. ಪವರ್ ಬೀದಿಯಲ್ಲಿ ವ್ಯಾನು ನಿಲ್ಲಿಸಿ ಬುತ್ತಿ ಬಿಚ್ಚಿದಾಗಲೆಲ್ಲ ಎದುರಿಗೆ ಇದೇ ಚರ್ಚು. ನೋಡುತ್ತಾ ನೋಡುತ್ತಾ ಓದುವ ಚಟ ಹತ್ತಿತು. ಓದಿದಷ್ಟೂ ಇದು ನಮ್ಮಂಥವರದೇ ಕಥೆ ಅನ್ನಿಸಿತು. ಹೊಟ್ಟೆಪಾಡಿಗೆಂದು ಬಂದ ಒಂದು ಸಮುದಾಯ ಈ ನೆಲದಲ್ಲಿ ಮೊದಲು ಏನನ್ನು ಕಟ್ಟಿತು, ಏನನ್ನು ಉಳಿಸಿಕೊಂಡಿತು, ಏನು ಅದರ ಕೈ ಜಾರಿತು ಎನ್ನುವ ಲೆಕ್ಕ ಆ ಒಂದೇ ಬೀದಿಯಲ್ಲಿ ಸಿಗುತ್ತದೆ.

ನಮ್ಮ ಕರ್ನಾಟಕದ ಕ್ಯಾಥೊಲಿಕರು 'ಪ್ಯಾರಿಷ್' ಅನ್ನುವುದಕ್ಕೆ ಧರ್ಮಕೇಂದ್ರ ಎನ್ನುತ್ತಾರೆ. ಒಳ್ಳೆಯ ಮಾತು. ಚರ್ಚು ಅಂದರೆ ಕಟ್ಟಡ, ಧರ್ಮಕೇಂದ್ರ ಅಂದರೆ ಅದರ ಸುತ್ತಲ ಜನ. ಸಂತ ಪೌಲರ ಧರ್ಮಕೇಂದ್ರ ಶುರುವಾದದ್ದು 1822ರಲ್ಲಿ. ಆಗ ಈ ಊರಿಗೆ ಟೊರೊಂಟೊ ಎಂಬ ಹೆಸರೇ ಇರಲಿಲ್ಲ, ಯಾರ್ಕ್ ಅನ್ನುತ್ತಿದ್ದರು. ಕೆಸರು ಬೀದಿಗಳ ಪುಟ್ಟ ಊರು. ಕ್ಯಾಥೊಲಿಕರು ಬೆರಳೆಣಿಕೆಯಷ್ಟು, ಅವರಲ್ಲಿ ಬಡವರೇ ಹೆಚ್ಚು. ಊರಿನ ಪೂರ್ವದ ಅಂಚಿನಲ್ಲಿ, ಡಾನ್ ನದಿಯ ಕಡೆಗೆ, ಅವರ ಮೊದಲ ಇಟ್ಟಿಗೆಯ ಚರ್ಚು ಎದ್ದಿತು. ಟೊರೊಂಟೊ ನಗರದ ಎಲ್ಲ ಕ್ಯಾಥೊಲಿಕ್ ಧರ್ಮಕೇಂದ್ರಗಳಿಗೂ ಇದೇ ಹಿರಿಯಕ್ಕ.

ಈ ಮೊದಲ ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆದರೆ ಒಂದು ಜಗಳದ ಕಥೆ ಹೇಳದಿದ್ದರೆ ಸಂಘದವರಾದ ನಿಮಗೆ ಮೋಸ ಮಾಡಿದಂತೆ. 1829ರ ಸುಮಾರಿಗೆ ವಿಲಿಯಂ ಜಾನ್ ಓ'ಗ್ರೇಡಿ ಎಂಬ ಐರಿಷ್ ಪಾದ್ರಿ ಇಲ್ಲಿಗೆ ಬಂದರು. ಮಾತುಗಾರ, ಸುಧಾರಣಾವಾದಿಗಳ ಕಡೆಯವರು. ಮೇಲಿನ ಬಿಷಪ್ ಅಲೆಕ್ಸಾಂಡರ್ ಮ್ಯಾಕ್‌ಡೊನೆಲ್ ಸ್ಕಾಟ್‌ಲೆಂಡಿನ ಗುಡ್ಡಗಾಡಿನವರು, ಸರ್ಕಾರದ ನಿಷ್ಠರು. ಎಣ್ಣೆ ಸೀಗೆಕಾಯಿ ಸಂಬಂಧ. 1833ರಲ್ಲಿ ಬಿಷಪ್ ಅವರನ್ನು ಅಮಾನತು ಮಾಡಿದರು. ಸಭೆ ಎರಡು ಹೋಳಾಯಿತು, ಒಂದು ಪಾಲು ಪಾದ್ರಿಯ ಬೆನ್ನಿಗೆ ನಿಂತಿತು, ದೂರು ಗವರ್ನರ್ ಬಾಗಿಲಿಗೂ ಹೋಯಿತು. ಕೊನೆಗೆ ಓ'ಗ್ರೇಡಿ ಪತ್ರಕರ್ತರಾದರು. 1834ರಲ್ಲಿ ಅವರ ಪತ್ರಿಕೆ ವಿಲಿಯಂ ಲಯನ್ ಮೆಕೆಂಝಿಯ ಪತ್ರಿಕೆಯೊಂದಿಗೆ ಸೇರಿಕೊಂಡಿತು. ಈ ಮೆಕೆಂಝಿ ಅದೇ ವರ್ಷ ಟೊರೊಂಟೊದ ಮೊದಲ ಮೇಯರ್ ಆದವರು, ಮೂರು ವರ್ಷದ ಮೇಲೆ ಬಂಡಾಯದ ಮುಂದಾಳಾದವರು. ಅಂದಮೇಲೆ ನಮ್ಮ ಸಂಘದ ಚುನಾವಣೆಯಲ್ಲಿ ಒಂದಿಷ್ಟು ಬಿಸಿಯೇರಿದರೆ ತಲೆ ಕೆಡಿಸಿಕೊಳ್ಳಬೇಡಿ. ಈ ಊರಿನಲ್ಲಿ ಅದಕ್ಕೆ ಹಳೆಯ ಪರಂಪರೆಯಿದೆ.

1841ರ ಕೊನೆಯಲ್ಲಿ ಟೊರೊಂಟೊಗೆ ಪ್ರತ್ಯೇಕ ಧರ್ಮಪ್ರಾಂತ್ಯ ಸಿಕ್ಕಿತು. ಮೊದಲ ಧರ್ಮಾಧ್ಯಕ್ಷರಾಗಿ 1842ರಲ್ಲಿ ಬಂದವರು ಮೈಕೆಲ್ ಪವರ್. ಪವರ್ ಬೀದಿ ಎಂದರೆ ವಿದ್ಯುತ್ ಕಂಪನಿಯ ಹೆಸರೇನೋ ಅಂದುಕೊಂಡು ನಾನು ಬಹಳ ಕಾಲ ತಿರುಗಿದ್ದೆ; ಅದು ಈ ಮನುಷ್ಯನ ಹೆಸರು. ಹುಟ್ಟಿದ್ದು 1804ರಲ್ಲಿ, ನೋವಾ ಸ್ಕಾಟಿಯಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ. ತಂದೆತಾಯಿ ಐರ್ಲೆಂಡಿನಿಂದ ಬಂದವರು. ಅಂದರೆ ನಮ್ಮ ಮಕ್ಕಳ ಹಾಗೆ ಇವರೂ ಇಲ್ಲಿಯೇ ಹುಟ್ಟಿದ ಎರಡನೇ ತಲೆಮಾರು. ಅವರು ಬಂದಾಗ ಇದ್ದ ಸೂರು ಸಂತ ಪೌಲರ ಇಟ್ಟಿಗೆ ಚರ್ಚು ಒಂದೇ. ಅದನ್ನೇ ಪ್ರಧಾನಾಲಯ ಮಾಡಿಕೊಂಡು, ಈಗ ಚರ್ಚ್ ಬೀದಿ ಮತ್ತು ಶೂಟರ್ ಬೀದಿಯ ಬಳಿ ಇರುವ ಸಂತ ಮೈಕೆಲರ ಕೆಥೆಡ್ರಲ್‌ಗೆ 1845ರಲ್ಲಿ ಕಲ್ಲು ಹಾಕಿದರು. ಸಂತ ಪೌಲರ ಶಾಲೆಯೂ 1842ರಿಂದಲೇ ಲೆಕ್ಕ. ಇದಾದ ಮರುವರ್ಷ, 1843ರಲ್ಲಿ, ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗ್ 'ಮಂಗಳೂರು ಸಮಾಚಾರ' ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಅವರು ಬಾಸೆಲ್ ಮಿಶನ್ನಿನ ಪ್ರಾಟೆಸ್ಟಂಟರು, ಈ ಕಥೆಯವರಲ್ಲ. ಕಾಲ ಎಷ್ಟು ಹಿಂದಿನದು ಎಂಬುದು ನಿಮ್ಮ ಮನಸ್ಸಿಗೆ ಹತ್ತಲಿ ಎಂದು ಹೇಳಿದೆ.

ಈಗ 1847ಕ್ಕೆ ಬರುತ್ತೇನೆ. ನನ್ನ ಮಾತಿನ ತಿರುಳು ಇಲ್ಲಿದೆ, ಸ್ವಲ್ಪ ನಿಧಾನಿಸುತ್ತೇನೆ.

ಐರ್ಲೆಂಡಿನ ಬಡವರ ಊಟ ಅಂದರೆ ಆಲೂಗಡ್ಡೆ. ನಮ್ಮ ಬಯಲುಸೀಮೆಗೆ ರಾಗಿ, ಜೋಳ ಹೇಗೋ ಹಾಗೆ. 1845ರಿಂದ ಆಲೂಗಡ್ಡೆಗೆ ಅಂಗಮಾರಿ ಬಿತ್ತು, ಗಿಡ ಹೊಲದಲ್ಲೇ ಕೊಳೆಯಿತು. ದೇಶದಲ್ಲಿ ಬೇರೆ ಧಾನ್ಯ ಇರಲಿಲ್ಲವೆಂದಲ್ಲ, ಬಡವರ ಕೈಯಲ್ಲಿ ಅದನ್ನು ಕೊಳ್ಳುವ ಕಾಸಿರಲಿಲ್ಲ. ಅತ್ತ ಗೋಧಿ, ದನಕರು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಸುಮಾರು ಹತ್ತು ಲಕ್ಷ ಜನ ಸತ್ತರು. ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ನಮಗೆ ಇದು ಹೊಸ ಕಥೆಯಲ್ಲ. ಧಾತು ಸಂವತ್ಸರದ ಬರ ಎಂದು ಹಿರಿಯರು ಹೇಳುತ್ತಿದ್ದ 1876-78ರ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದನೇ ಒಂದು ಪಾಲನ್ನು ಕಳೆದುಕೊಂಡಿತು. ಆಗಲೂ ಇದೇ ದೊರೆತನ, ಇದೇ 'ಮಾರುಕಟ್ಟೆಗೆ ಕೈ ಹಾಕಬಾರದು' ಎಂಬ ನೀತಿ. ಉತ್ತರ ಕರ್ನಾಟಕದಲ್ಲಿ ಮಳೆ ಕೈಕೊಟ್ಟಾಗ ಗಂಟುಮೂಟೆ ಕಟ್ಟಿ ಹೊರಡುವುದಕ್ಕೆ 'ಗುಳೆ ಹೋಗುವುದು' ಎಂಬ ಮಾತಿದೆಯಲ್ಲ, 1847ರಲ್ಲಿ ಐರ್ಲೆಂಡ್ ಅಟ್ಲಾಂಟಿಕ್ ಸಾಗರ ದಾಟಿ ಗುಳೆ ಹೊರಟಿತು. ಒಂದು ಮಾತು ಇಲ್ಲಿ ಸೇರಿಸಬೇಕು. ಐರ್ಲೆಂಡಿನ ಆ ಬರಕ್ಕೆ ಹೊರಗಿನಿಂದ ಮೊದಲೇ ಹಣ ಕೂಡಿಸಿ ಕಳಿಸಿದ ಊರುಗಳಲ್ಲಿ ಕಲ್ಕತ್ತೆಯೂ ಒಂದು.

ಮರದ ದಿಮ್ಮಿ ಹೊತ್ತು ಯೂರೋಪಿಗೆ ಹೋಗುತ್ತಿದ್ದ ಹಡಗುಗಳು ಮರಳುವಾಗ ಖಾಲಿ ಬರುವ ಬದಲು ಜನರನ್ನು ತುಂಬಿಕೊಂಡವು. ಅಲ್ಲಿಯೇ ಜ್ವರ ಹತ್ತಿತು. ಇದು ನಮಗೆ ಗೊತ್ತಿರುವ ಟೈಫಾಯ್ಡ್ ಅಲ್ಲ, ಟೈಫಸ್ ಎಂಬ ಬೇರೆ ಕಾಯಿಲೆ. ಬಟ್ಟೆಯ ಹೇನು, ಅಂದರೆ ಕೂರೆ, ಇದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತದೆ. ಆದರೆ ಈ ಗುಟ್ಟು ಗೊತ್ತಾದದ್ದು 1909ರಲ್ಲಿ. ಆ ಕಾಲದ ವೈದ್ಯರು ಕೆಟ್ಟ ಗಾಳಿಯಿಂದ ಬರುತ್ತದೆ ಎಂದೇ ನಂಬಿದ್ದರು. ಹಾಗಾಗಿ ರೋಗಿಯ ಬಟ್ಟೆ ಬಿಚ್ಚಿಸಿ ಕುದಿಸಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಮೈಮುಟ್ಟಿ ಆರೈಕೆ ಮಾಡಿದವರಿಗೇ ರೋಗ ಮೊದಲು ಬಂತು.

ಕ್ವಿಬೆಕ್ ಬಳಿ ಗ್ರೋಸ್ ಈಲ್ ಎಂಬ ನಡುಗಡ್ಡೆಯಲ್ಲಿ ಹಡಗುಗಳನ್ನು ತಡೆದು ತಪಾಸಣೆ ಮಾಡುತ್ತಿದ್ದರು. ಆ ಒಂದು ಋತುವಿನಲ್ಲಿ ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ಮಣ್ಣು ಮಾಡಿದರು. ಬದುಕಿದವರು ಮಾಂಟ್ರಿಯಲ್ಲಿಗೆ, ಅಲ್ಲಿಂದ ದೋಣಿ, ಉಗಿಹಡಗುಗಳಲ್ಲಿ ಟೊರೊಂಟೊಗೆ. ಟೊರೊಂಟೊದ ಅಂದಿನ ಜನಸಂಖ್ಯೆ ಸುಮಾರು 20,000. 1847ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇಲ್ಲಿ ಬಂದಿಳಿದವರು 38,560. ಊರಿನ ಜನಕ್ಕಿಂತ ಸುಮಾರು ಎರಡು ಪಟ್ಟು ಅತಿಥಿಗಳು, ಒಂದೇ ಬೇಸಿಗೆಯಲ್ಲಿ.

ನಗರ ಏನು ಮಾಡಿತು? ಎರಡೂ ಮಾಡಿತು. ನಡೆಯಬಲ್ಲವರನ್ನು ಬೇಗ ಬೇಗ ಬೇರೆ ಊರುಗಳಿಗೆ, ಹಳ್ಳಿಗಳಿಗೆ ಸಾಗಹಾಕಿತು. ಮಲಗಿದವರಿಗೆ ಕಿಂಗ್ ಮತ್ತು ಜಾನ್ ಬೀದಿಗಳ ಮೂಲೆಯ ಆಸ್ಪತ್ರೆಯ ಅಂಗಳದಲ್ಲಿ ಹಲಗೆಯ ಕೊಟ್ಟಿಗೆಗಳನ್ನು ಹಾಕಿಸಿತು. ಇವತ್ತು ಆ ಮೂಲೆಯಲ್ಲಿ ಟಿಫ್ ಚಲನಚಿತ್ರೋತ್ಸವದ ಗಾಜಿನ ಕಟ್ಟಡ ಇದೆ. ಸೆಪ್ಟೆಂಬರಿನಲ್ಲಿ ನಟನಟಿಯರನ್ನು ನೋಡಲು ನಮ್ಮ ಹುಡುಗರು ಹೋಗಿ ನಿಲ್ಲುವ ಜಾಗ. ಅಲ್ಲಿನ ವೈದ್ಯ ಜಾರ್ಜ್ ಗ್ರಾಸೆಟ್ ಆ ಬೇಸಿಗೆಯಲ್ಲೇ ಜ್ವರ ತಗುಲಿ ಸತ್ತರು. ವಲಸಿಗರನ್ನು ಬರಮಾಡಿಕೊಂಡು ದಾರಿ ತೋರಿಸುತ್ತಿದ್ದ ಸರ್ಕಾರಿ ಅಧಿಕಾರಿ ಎಡ್ವರ್ಡ್ ಮೆಕೆಲ್ಡರಿಯೂ ಸತ್ತರು. ಗ್ರಾಸೆಟ್ ಆಂಗ್ಲಿಕನ್ ಪಂಥದವರು. ಸಾಯುತ್ತಿದ್ದವರಲ್ಲಿ ಬಹುಪಾಲು ಕ್ಯಾಥೊಲಿಕರು. ಆ ಎರಡು ಪಂಗಡಗಳ ನಡುವೆ ಎಂಥ ಹಗೆ ಇತ್ತೆಂದು ಮುಂದೆ ಹೇಳುತ್ತೇನೆ. ಅದನ್ನು ಕೇಳಿದ ಮೇಲೆ ಈ ವೈದ್ಯನ ಸಾವು ಇನ್ನೂ ದೊಡ್ಡದಾಗಿ ಕಾಣುತ್ತದೆ. 2021ರಲ್ಲಿ ಅವರ ಹೆಸರಿನ ಪುಟ್ಟ ಉದ್ಯಾನ ಅಡಿಲೇಡ್ ಬೀದಿಯಲ್ಲಿ ತೆರೆಯಿತು.

ಬಿಷಪ್ ಪವರ್ ಆ ವರ್ಷ ಯೂರೋಪಿಗೆ ಹೋಗಿದ್ದರು. ಐರ್ಲೆಂಡಿನ ಸ್ಥಿತಿಯನ್ನು ಕಣ್ಣಾರೆ ಕಂಡು, ಇಂಥ ಜನ ಬರುತ್ತಿದ್ದಾರೆ, ಸಿದ್ಧರಾಗಿ ಎಂದು ಊರಿಗೆ ಬರೆದರು. ಶಾಲೆ ನಡೆಸಲು ಲೊರೆಟೊ ಸಂಸ್ಥೆಯ ಕನ್ಯಾಸ್ತ್ರೀಯರನ್ನು ಒಪ್ಪಿಸಿದರು. ಮರಳಿ ಬಂದಾಗ ಅವರ ಪಾದ್ರಿಗಳಲ್ಲಿ ಹಲವರು ಹಾಸಿಗೆ ಹಿಡಿದಿದ್ದರು. ಸರಿ, ತಾವೇ ಕೊಟ್ಟಿಗೆಗಳಿಗೆ ಹೋಗತೊಡಗಿದರು. ಸೆಪ್ಟೆಂಬರ್ ಮಧ್ಯದಲ್ಲಿ ಆ ಸೋದರಿಯರು ಟೊರೊಂಟೊದ ದಕ್ಕೆಗೆ ಬಂದು ಇಳಿದಾಗ ಎದುರುಗೊಂಡದ್ದು ದಣಿದು ಬಸವಳಿದ ಮನುಷ್ಯ. ಎರಡು ವಾರಕ್ಕೆ, 1847ರ ಅಕ್ಟೋಬರ್ 1ರಂದು, ಪವರ್ ತೀರಿಕೊಂಡರು. ನಲವತ್ಮೂರು ತುಂಬಿರಲಿಲ್ಲ. ಇನ್ನೂ ಮುಗಿಯದ ಕೆಥೆಡ್ರಲ್ಲಿನ ನೆಲಮಾಳಿಗೆಯಲ್ಲಿ ಅವರನ್ನು ಇಟ್ಟರು. ಆ ಕಟ್ಟಡ ಮುಗಿದದ್ದು ಮರುವರ್ಷ. ಹೊಸ ಬಿಷಪ್ ಶಾರ್ಬೊನೆಲ್ ಬರಲು 1850 ಆಯಿತು.

ಬಿಷಪ್ಪರಿಗೆ ನೆಲಮಾಳಿಗೆ ಸಿಕ್ಕಿತು. ಉಳಿದವರಿಗೆ? ಆ ಬೇಸಿಗೆಯಲ್ಲಿ ಟೊರೊಂಟೊದಲ್ಲಿ ಸತ್ತವರು 1,100ಕ್ಕೂ ಹೆಚ್ಚು. ಪ್ರಾಟೆಸ್ಟಂಟರನ್ನು ಸೇಂಟ್ ಜೇಮ್ಸ್ ಸ್ಮಶಾನಕ್ಕೆ ಒಯ್ದರು. ಕ್ಯಾಥೊಲಿಕರನ್ನು, ಅಂದರೆ ಹೆಚ್ಚಿನವರನ್ನು, ಕಿಂಗ್ ಬೀದಿಯ ಪಶ್ಚಿಮದ ಕೊಟ್ಟಿಗೆಯಿಂದ ಊರನ್ನು ಹಾದು ಪೂರ್ವದ ಸಂತ ಪೌಲರ ಚರ್ಚಿನ ಅಂಗಳಕ್ಕೆ ತಂದು ಹೂಳಿದರು. ಅವರಿಗೆ ಕಲ್ಲು ನೆಡಿಸುವವರು ಯಾರು? ನೆಡಿಸಬೇಕಾದ ಮಗ ಗ್ರೋಸ್ ಈಲ್‌ನಲ್ಲಿ ಸತ್ತಿರುತ್ತಾನೆ, ಇಲ್ಲವೇ ಹೊಟ್ಟೆಪಾಡಿಗೆ ಇನ್ನೊಂದು ಊರು ಸೇರಿರುತ್ತಾನೆ. 1855ರಲ್ಲಿ ಊರ ಹೊರಗೆ ಸಂತ ಮೈಕೆಲರ ಸ್ಮಶಾನ ಆದ ಮೇಲೆ ಇಲ್ಲಿ ಹೂಳುವುದು ನಿಂತಿತು. ಕಾಲಕ್ರಮದಲ್ಲಿ ಆ ನೆಲ ಶಾಲೆಯ ಆಟದ ಅಂಗಳವಾಯಿತು. ಇವತ್ತಿಗೂ ಹಾಗೆಯೇ ಇದೆ. ಚರ್ಚಿನ ಬೆನ್ನಿಗೆ ಸಂತ ಪೌಲರ ಶಾಲೆ, ಅಲ್ಲಿ ಮಕ್ಕಳು ಚೆಂಡಾಡುವ ನೆಲದ ಕೆಳಗೆ ಅವರು.

ಮಾಂಟ್ರಿಯಲ್‌ನಲ್ಲಿ ನಡೆದದ್ದನ್ನೂ ಹೇಳಬೇಕು, ಏಕೆಂದರೆ ಅದು ಕೂಲಿಗಳ ಕೆಲಸ. ಅಲ್ಲಿ ಸತ್ತವರು ಸುಮಾರು ಆರು ಸಾವಿರ. ಹನ್ನೆರಡು ವರ್ಷದ ಮೇಲೆ ವಿಕ್ಟೋರಿಯಾ ಸೇತುವೆ ಕಟ್ಟಲು ನೆಲ ಅಗೆಯುತ್ತಿದ್ದ ಕಾರ್ಮಿಕರಿಗೆ ಮೂಳೆಗಳು ಸಿಕ್ಕವು. ಅವರಲ್ಲಿ ಹಲವರು ಐರಿಷರೇ. ನದಿಯಿಂದ ಎತ್ತಿದ ಒಂದು ದೊಡ್ಡ ಬಂಡೆಯನ್ನು 1859ರಲ್ಲಿ ಅಲ್ಲಿ ನಿಲ್ಲಿಸಿ, ಅಕ್ಷರ ಕೆತ್ತಿಸಿದರು. ಅದನ್ನು ನಿಲ್ಲಿಸಿದ್ದು ಯಾವ ಸರ್ಕಾರವೂ ಅಲ್ಲ, ದಿನಗೂಲಿಯವರು.

ಟೊರೊಂಟೊದಲ್ಲಿ ಹಾಗೆ ಕಲ್ಲು ನಿಲ್ಲಲು ನೂರಅರವತ್ತು ವರ್ಷ ಹಿಡಿಯಿತು. ಬ್ಯಾತರ್ಸ್ಟ್ ಬೀದಿಯ ತುದಿಯಲ್ಲಿ, ಸರೋವರದ ದಂಡೆಗೆ, 2007ರ ಜೂನ್‌ನಲ್ಲಿ ಐರ್ಲೆಂಡಿನ ಅಧ್ಯಕ್ಷೆ ಮೇರಿ ಮೆಕಲೀಸ್ ಬಂದು ಐರ್ಲೆಂಡ್ ಪಾರ್ಕ್ ಉದ್ಘಾಟಿಸಿದರು. ರೋವನ್ ಗಿಲೆಸ್ಪಿ ಮಾಡಿದ ಕಂಚಿನ ಪ್ರತಿಮೆಗಳು ಅಲ್ಲಿವೆ. ಐರ್ಲೆಂಡಿನಿಂದ ತಂದ ಸುಣ್ಣಕಲ್ಲಿನ ಕಂಬಗಳ ಸಂದುಗಳಲ್ಲಿ ಸತ್ತವರ ಹೆಸರು ಕೆತ್ತಿದ್ದಾರೆ. ಆಗ ಸಿಕ್ಕ ಹೆಸರು 675. ಟೊರೊಂಟೊ ವಿಶ್ವವಿದ್ಯಾಲಯದ ಇತಿಹಾಸಕಾರ ಮಾರ್ಕ್ ಮೆಕ್‌ಗೋವನ್, ಪವರ್ ಅವರ ಜೀವನಚರಿತ್ರೆ ಬರೆದವರು, ಈ ಹುಡುಕಾಟದಲ್ಲಿ ದುಡಿದವರು. ಎಲ್ಲಿಂದ ಸಿಕ್ಕವು ಅಂದರೆ ಆಸ್ಪತ್ರೆಯ ಪಟ್ಟಿ, ಚರ್ಚಿನ ಮರಣದ ದಫ್ತರಗಳಂಥ ಕಡೆಯಿಂದ. ಆ ಗಡಿಬಿಡಿಯಲ್ಲಿ, ದಿನಕ್ಕೆ ಹತ್ತಾರು ಹೆಣ ಇಳಿಯುತ್ತಿದ್ದಾಗಲೂ, ಯಾರೋ ಕುಳಿತು ಹೆಸರು ಬರೆದಿದ್ದರು. ಬರೆದದ್ದಷ್ಟು ಉಳಿಯಿತು. ಉಳಿದವರು ಬರೀ ಸಂಖ್ಯೆ.

ಇಲ್ಲಿ ನನ್ನ ಊರಿನ ಒಂದು ಮಾತು. ನಾನು ಹಾಸನದ ಕಡೆಯವನು. ನಮ್ಮಲ್ಲಿ ಶೆಟ್ಟಿಹಳ್ಳಿ ಚರ್ಚು ಎಂದಿದೆ. ನಿಮ್ಮಲ್ಲಿ ಎಷ್ಟೋ ಜನ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಚರ್ಚು ಎಂದು ಅದರ ಚಿತ್ರ ನೋಡಿರುತ್ತೀರಿ, ಕೆಲವರು ಮದುವೆಗೆ ಮುಂಚಿನ ಫೋಟೋ ತೆಗೆಸಲೂ ಹೋಗಿರುತ್ತೀರಿ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದಾಗ ಹಳ್ಳಿ ಮುಳುಗಿತು, ಜನ ಬೇರೆ ಕಡೆ ಹೋದರು, ಕಟ್ಟಡ ನೀರಲ್ಲಿ ನಿಂತಿತು. ಅದು ಜನರಿಲ್ಲದ ಚರ್ಚು. ಎಷ್ಟು ಚೆಂದ ಕಂಡರೂ ಅದನ್ನು ನೋಡಿದಾಗ ನನಗೆ ಕಸಿವಿಸಿಯಾಗುತ್ತದೆ. ಸಂತ ಪೌಲರದು ತಿರುಗುಮುರುಗು. ಅಲ್ಲಿ ಕಟ್ಟಡ ಬದಲಾಯಿತು, ಸುತ್ತಲ ಜನ ಮತ್ತೆ ಮತ್ತೆ ಬದಲಾದರು, ಧರ್ಮಕೇಂದ್ರ ಮಾತ್ರ ನಡೆಯುತ್ತಲೇ ಇದೆ.

ಬದುಕಿ ಉಳಿದವರು ಏನು ಮಾಡಿದರು? ದುಡಿದರು. ಹಡಗುಕಟ್ಟೆಯಲ್ಲಿ ಹಮಾಲಿ, ರೈಲು ಹಳಿಗೆ ಮಣ್ಣು, ಡಾನ್ ನದಿಯ ಬದಿಯ ಇಟ್ಟಿಗೆ ಗೂಡು, ಗುಡರ್‌ಹ್ಯಾಮ್ ಮತ್ತು ವರ್ಟ್ಸ್ ಎಂಬ ಸಾರಾಯಿ ಕಾರ್ಖಾನೆ. ಆ ಕಾರ್ಖಾನೆಯೇ ಈಗ ನಾವು ಡಿಸೆಂಬರಿನಲ್ಲಿ ದೀಪ ನೋಡಲು ಹೋಗುವ ಡಿಸ್ಟಿಲರಿ ಬಡಾವಣೆ. ಹೆಂಗಸರು ಮನೆಗೆಲಸಕ್ಕೆ, ಬಟ್ಟೆ ಒಗೆಯಲಿಕ್ಕೆ. 1851ರ ಜನಗಣತಿಯ ಹೊತ್ತಿಗೆ ನಗರದ ಸುಮಾರು 30,000 ಜನರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನವರು ಐರ್ಲೆಂಡಿನಲ್ಲಿ ಹುಟ್ಟಿದವರು, ನಾಲ್ಕನೇ ಒಂದು ಪಾಲು ಕ್ಯಾಥೊಲಿಕರು. ಕಾರ್ಕ್‌ಟೌನ್ ಹೆಸರು ಐರ್ಲೆಂಡಿನ ಕಾರ್ಕ್ ಸೀಮೆಯಿಂದ ಬಂತು ಎನ್ನುವವರಿದ್ದಾರೆ, ಬಾಟಲಿ ಬಿರಡೆಯ ಕಾರ್ಖಾನೆಯಿಂದ ಎನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಇಷ್ಟ.

ಅದೇ ಬಡಾವಣೆಯಲ್ಲಿ, ಚರ್ಚಿಗೆ ಕೂಗಳತೆಯಲ್ಲಿ, ಥಾರ್ನ್‌ಟನ್ ಮತ್ತು ಲೂಸಿ ಬ್ಲ್ಯಾಕ್‌ಬರ್ನ್ ಎಂಬ ದಂಪತಿಯ ಮನೆ ಇತ್ತು. ಅಮೆರಿಕದ ಕೆಂಟಕಿಯಲ್ಲಿ ಗುಲಾಮಗಿರಿಯಿಂದ 1831ರಲ್ಲಿ ತಪ್ಪಿಸಿಕೊಂಡು ಬಂದವರು. ಟೊರೊಂಟೊದ ಮೊದಲ ಬಾಡಿಗೆ ಕುದುರೆಗಾಡಿ ಅವರದು. 1985ರಲ್ಲಿ ಒಂದು ಶಾಲೆಯ ಅಂಗಳ ಅಗೆದಾಗ ಅವರ ಮನೆಯ ಅವಶೇಷ ಸಿಕ್ಕಿತು. ನಮ್ಮಲ್ಲಿ ಟ್ಯಾಕ್ಸಿ, ಊಬರ್ ಓಡಿಸುವವರು ನಿಮ್ಮ ಕಸುಬಿನ ಮೂಲಪುರುಷ ಯಾರೆಂದು ತಿಳಿದಿರಿ.

ಈಗ ಹಗೆಯ ಮಾತು. ಐರ್ಲೆಂಡಿನ ಕ್ಯಾಥೊಲಿಕ್-ಪ್ರಾಟೆಸ್ಟಂಟ್ ಜಗಳವೂ ಹಡಗು ಹತ್ತಿ ಬಂದಿತ್ತು. ಆರೆಂಜ್ ಸಂಘ ಎಂಬ ಪ್ರಾಟೆಸ್ಟಂಟರ ಸಂಘಟನೆ ಇಲ್ಲಿ ಎಷ್ಟು ಬಲವಾಗಿತ್ತೆಂದರೆ ಟೊರೊಂಟೊವನ್ನು ಕೆನಡಾದ ಬೆಲ್‌ಫಾಸ್ಟ್ ಎನ್ನುತ್ತಿದ್ದರು. ನಗರಸಭೆ, ಪೊಲೀಸು, ಸರ್ಕಾರಿ ನೌಕರಿ, ಎಲ್ಲ ಕಡೆ ಅವರ ಕೈ. ಮೇಯರ್‌ಗಳಲ್ಲಿ ಬಹುಪಾಲು ಅವರ ಸದಸ್ಯರೇ, ಅದೂ ಇಪ್ಪತ್ತನೇ ಶತಮಾನದ ನಡುಭಾಗದವರೆಗೆ. 1875ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಕ್ಯಾಥೊಲಿಕ್ ಯಾತ್ರಿಕರು ಒಂದು ಚರ್ಚಿನಿಂದ ಇನ್ನೊಂದಕ್ಕೆ ಮೆರವಣಿಗೆ ಹೊರಟಾಗ ಕಲ್ಲು ತೂರಿದರು, ಬೀದಿಯಲ್ಲಿ ದೊಡ್ಡ ಗಲಭೆಯಾಯಿತು. ಮೇಯರ್ ಮೆಡ್‌ಕಾಫ್ ಸ್ವತಃ ಆರೆಂಜ್ ಸಂಘದ ಮುಖಂಡ. ಆದರೂ ಎರಡನೇ ಮೆರವಣಿಗೆಗೆ ಪೊಲೀಸರ, ಸೈನಿಕರ ಕಾವಲು ಹಾಕಿಸಿ ಅದನ್ನು ನಡೆಸಿಕೊಟ್ಟರು. ಮನುಷ್ಯರನ್ನು ಅವರ ಸಂಘದ ಬಾವುಟ ನೋಡಿ ಪೂರ್ತಿ ಅಳೆಯಲಾಗದು.

ಈ ಹಿನ್ನೆಲೆಯಲ್ಲಿ ಈಗಿರುವ ಕಟ್ಟಡವನ್ನು ನೋಡಬೇಕು. 1887ರಲ್ಲಿ ಕಲ್ಲು ಹಾಕಿ, 1889ರ ಡಿಸೆಂಬರಿನಲ್ಲಿ ತೆರೆದರು. ಮುಂದೆ ನಿಂತು ಮಾಡಿಸಿದವರು ಬಿಷಪ್ ತಿಮೊತಿ ಓ'ಮಹೋನಿ. ಅವರು ಐರ್ಲೆಂಡಿನವರು, ಆಸ್ಟ್ರೇಲಿಯಾದ ಆರ್ಮಿಡೇಲ್‌ನಲ್ಲಿ ಬಿಷಪ್ ಆಗಿದ್ದು ಆಮೇಲೆ ಇಲ್ಲಿಗೆ ಬಂದವರು. ನಕ್ಷೆ ಬರೆದವರು ಜೋಸೆಫ್ ಕಾನೊಲಿ, ಅವರೂ ಐರಿಷ್. ಈ ಕಾನೊಲಿ ಬೇರೆಡೆ ಕಟ್ಟಿಸಿದ್ದು ಮೊನಚು ಕಮಾನು, ಎತ್ತರದ ಗೋಪುರಗಳ ಗಾಥಿಕ್ ಚರ್ಚುಗಳನ್ನು. ಗ್ವೆಲ್ಫ್ ಊರಿನ ಗುಡ್ಡದ ಮೇಲಿರುವ ದೊಡ್ಡ ಚರ್ಚು ಅವರದೇ. ಆದರೆ ಕಾರ್ಕ್‌ಟೌನಿನ ಕೂಲಿಗಳಿಗೆ ಅವರು ರೋಮನ್ನು ತಂದಿಟ್ಟರು. ರೋಮ್ ನಗರದ ಗೋಡೆಯಾಚೆಗಿನ ಸಂತ ಪೌಲರ ಬೆಸಿಲಿಕಾದ ನೆನಪು ತರುವ ದುಂಡು ಕಮಾನು, ಸಾಲುಗಂಬ, ಚಾವಣಿಯಲ್ಲಿ ಸಂತ ಪೌಲರ ಜೀವನದ ಚಿತ್ರಗಳು. ಹೊರಗಿನ ಒರಟು ಕಲ್ಲು ನೋಡಿದರೆ ಒಳಗೆ ಇಂಥದ್ದು ಇದೆ ಎಂದು ಊಹಿಸಲಾಗದು. ಸುತ್ತ ಬಾಡಿಗೆಯ ಗೂಡುಮನೆಗಳು, ನಡುವೆ ಇದು. ಬಡವರ ಕಾಸು ಹೀಗೆ ಸುರಿಯಬೇಕಿತ್ತೇ ಎಂದು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ನಿಮ್ಮನ್ನು ಈ ಊರಿಗೆ ಬೇಡದವರು ಎಂದು ಅರ್ಧ ಶತಮಾನ ಹೇಳಿಸಿಕೊಂಡ ಜನಕ್ಕೆ ಅಂಥದೊಂದು ಬೇಕಾಗುತ್ತದೆ ಎಂಬುದು ನನ್ನ ಅನಿಸಿಕೆ. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಗೂ ಇಂಥದೇ ಹುಟ್ಟು. ಸೆಂಜಿಯ ಕಡೆಯಿಂದ ಬಂದ ತಮಿಳು ಕ್ರೈಸ್ತರ ಹುಲ್ಲಿನ ಗುಡಿಸಲ ಗುಡಿಯಿಂದ ಶುರುವಾಯಿತು ಎನ್ನುತ್ತಾರೆ. ಈಗಿನ ಗಾಥಿಕ್ ಕಟ್ಟಡ 1882ರದು. ಅದಕ್ಕೆ ಬೆಸಿಲಿಕಾ ಪದವಿ 1974ರಲ್ಲಿ, ನಮ್ಮ ಸಂತ ಪೌಲರಿಗೆ 1999ರಲ್ಲಿ.

ಆದರೆ ನನಗೆ ಆ ಕಟ್ಟಡಕ್ಕಿಂತ ಮುಖ್ಯವಾಗಿ ಕಾಣುವುದು ಅವರು ಅದಕ್ಕೆ ಮುಂಚೆ ಏನು ಕಟ್ಟಿದರು ಎಂಬುದು. ಶಾಲೆ ಮೊದಲೇ ಇತ್ತು. ಸಂತ ಜೋಸೆಫರ ಸೋದರಿಯರು 1851ರಲ್ಲಿ ಬಂದರು. ಬಿಷಪ್ ಶಾರ್ಬೊನೆಲ್ ಮುತುವರ್ಜಿಯಲ್ಲಿ 1857ರಲ್ಲಿ ಚರ್ಚಿನ ಪಕ್ಕದಲ್ಲೇ 'ಹೌಸ್ ಆಫ್ ಪ್ರಾವಿಡೆನ್ಸ್' ತೆರೆಯಿತು. ದಿಕ್ಕಿಲ್ಲದ ಮುದುಕರು, ಅನಾಥ ಮಕ್ಕಳು, ಕೆಲಸ ಮಾಡಲಾಗದವರು ಅಲ್ಲಿ. ಅಂದರೆ ರೋಮಿನ ಮಾದರಿಯ ಚರ್ಚಿಗೆ ಮೂವತ್ತು ವರ್ಷ ಮೊದಲು ಮುದುಕರಿಗೆ ಮನೆ. ಈ ಸರದಿಯನ್ನು ನಾವು ಗಮನಿಸಬೇಕು. ಸಂಘ ಅಂದರೆ ಮೊದಲು ಸಭಾಭವನ ಎಂದು ಕನಸುವ ನಮಗೆ, ಊರಿನಿಂದ ಕರೆಸಿಕೊಂಡ ಅಪ್ಪ ಅಮ್ಮ ನೆಲಮಾಳಿಗೆಯ ಕೋಣೆಯಲ್ಲಿ ಒಬ್ಬರೇ ಕೂತಿರುವುದು ಎರಡನೇ ಮಾತಾಗುತ್ತದೆ.

ಆ ಮನೆಯನ್ನು 1962ರಲ್ಲಿ ಕೆಡವಿದರು. ಡಾನ್ ವ್ಯಾಲಿ ಪಾರ್ಕ್‌ವೇಯಿಂದ ರಿಚ್ಮಂಡ್, ಅಡಿಲೇಡ್ ಬೀದಿಗಳಿಗೆ ಇಳಿಯುವ ದಾರಿ ಬೇಕಿತ್ತು. ನಿಮ್ಮಲ್ಲಿ ದಿನಾ ಬೆಳಿಗ್ಗೆ ಆ ಇಳಿಜಾರಿನಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಶಾಪ ಹಾಕುವವರು ಇದ್ದೀರಿ. ನಮ್ಮಲ್ಲಿ ಅಣೆಕಟ್ಟಿನ ನೀರು ಮಾಡಿದ್ದನ್ನು ಇಲ್ಲಿ ರಸ್ತೆ ಮಾಡಿತು. ಆದರೆ ಒಳಗಿದ್ದವರು ಬೀದಿಪಾಲಾಗಲಿಲ್ಲ. ಸೋದರಿಯರು ಅವರನ್ನು ಸ್ಕಾರ್ಬರೊಗೆ ಒಯ್ದರು. ಸೇಂಟ್ ಕ್ಲೇರ್ ರಸ್ತೆಯ ಪ್ರಾವಿಡೆನ್ಸ್ ಹೆಲ್ತ್‌ಕೇರ್ ಎಂಬ ಸಂಸ್ಥೆ ಅದೇ ಬೇರಿನದು. ಡೌನ್‌ಟೌನಿನ ಸೇಂಟ್ ಮೈಕೆಲ್ಸ್ ಆಸ್ಪತ್ರೆಯನ್ನು 1892ರಲ್ಲಿ ಶುರು ಮಾಡಿದವರೂ ಅದೇ ಸೋದರಿಯರು. ನಮ್ಮ ಹೆಣ್ಣುಮಕ್ಕಳು ಎಷ್ಟೋ ಜನ ನರ್ಸುಗಳಾಗಿ, ಆರೈಕೆಯ ಕೆಲಸಗಾರರಾಗಿ ಇಂಥ ಕಡೆ ದುಡಿಯುತ್ತಿದ್ದೀರಿ. ನೀವು ತೊಳೆಯುವ ಕೈ, ಬದಲಿಸುವ ಹಾಸಿಗೆ ಆ ಜ್ವರದ ಕೊಟ್ಟಿಗೆಯ ಕಾಲದಿಂದ ನಡೆದು ಬಂದ ಕೆಲಸ.

ಇಷ್ಟೆಲ್ಲ ಉಳಿಸಿಕೊಂಡ ಜನ ಒಂದನ್ನು ಉಳಿಸಿಕೊಳ್ಳಲಿಲ್ಲ. 1847ರಲ್ಲಿ ಬಂದವರಲ್ಲಿ ಬಹಳ ಮಂದಿಯ ಮನೆಮಾತು ಇಂಗ್ಲಿಷ್ ಅಲ್ಲ, ಐರಿಷ್ ನುಡಿ. ಸಾಯುವಾಗ ಅವರು ನೀರು ಕೇಳಿದ್ದು ಆ ನುಡಿಯಲ್ಲಿ. ಧರ್ಮಕೇಂದ್ರ ಅವರಿಗೆ ಶಾಲೆ ಕೊಟ್ಟಿತು, ಆಸ್ಪತ್ರೆ ಕೊಟ್ಟಿತು, ಗೋರಿ ಕೊಟ್ಟಿತು. ನುಡಿ ಕೊಡಲಿಲ್ಲ. ಪೂಜೆ ಲ್ಯಾಟಿನ್ನಿನಲ್ಲಿ, ಬೋಧನೆ ಮತ್ತು ಪಾಠ ಇಂಗ್ಲಿಷಿನಲ್ಲಿ. ಬಡತನದ ಗುರುತು ಎಂದು ತಾಯಂದಿರೂ ಮಕ್ಕಳೊಡನೆ ಅದನ್ನು ಆಡಲು ಹಿಂಜರಿದರು. ಇವತ್ತು ಕಾರ್ಕ್‌ಟೌನಿನಲ್ಲಿ ಐರಿಷ್ ಹೆಸರಿನ ಪಾನಗೃಹ ಸಿಗುತ್ತದೆ, ಐರಿಷ್ ಮಾತು ಕಿವಿಗೆ ಬೀಳುವುದಿಲ್ಲ. ನಮ್ಮಲ್ಲಿ ಇದಕ್ಕೆ ಬೇರೆ ದಾರಿ ನಡೆದದ್ದೂ ಇದೆ. 1962-65ರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಜನರ ನುಡಿಗೆ ತಿರುಗಿದಾಗ ಕರ್ನಾಟಕದ ಚರ್ಚುಗಳಲ್ಲಿ ಕನ್ನಡದ ಬಲಿಪೂಜೆ ಬಂತು. ಬೆಂಗಳೂರಿನಲ್ಲಿ ಯಾವ ಚರ್ಚಿಗೆ ಯಾವ ಭಾಷೆ ಎಂದು ದೊಡ್ಡ ಜಗಳಗಳೂ ಆದವು. ಜಗಳ ಸುಖದ್ದಲ್ಲ, ಆದರೆ ಭಾಷೆಗಾಗಿ ಜಗಳವಾಡುವವರು ಇದ್ದಾರೆ ಎಂದರೆ ಭಾಷೆ ಜೀವದಿಂದಿದೆ ಎಂದು ಅರ್ಥ. ಟೊರೊಂಟೊ ಮಹಾಧರ್ಮಪ್ರಾಂತ್ಯದಲ್ಲಿ ಈಗ ಮೂವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಪೂಜೆ ನಡೆಯುತ್ತದೆ. 1847ರವರಿಗೆ ಆ ಭಾಗ್ಯವಿರಲಿಲ್ಲ.

ಕಾರ್ಯಕಾರಿ ಸಮಿತಿಯ ಮುಂದೆ ನನ್ನದು ಒಂದು ಕೇಳಿಕೆ, ಇದಕ್ಕೆ ಹಣ ಬೇಡ. ನಮ್ಮಲ್ಲಿ ಮೊದಲು ಬಂದ ಹಿರಿಯರು ಒಬ್ಬೊಬ್ಬರೇ ಕಣ್ಮರೆಯಾಗುತ್ತಿದ್ದಾರೆ. ಯಾರು ಯಾವ ವರ್ಷ, ಯಾವ ತಾಲ್ಲೂಕಿನಿಂದ ಬಂದರು, ಮೊದಲ ಕೆಲಸ ಯಾವ ಗೋದಾಮಿನಲ್ಲಿ, ಮೊದಲ ರಾತ್ರಿ ಯಾರ ಮನೆಯಲ್ಲಿ ಮಲಗಿದರು, ಇಲ್ಲಿ ತೀರಿಕೊಂಡವರ ಬೂದಿ ಎಲ್ಲಿ ಬಿಟ್ಟರು ಎಂಬ ಒಂದು ದಫ್ತರ ತೆರೆಯೋಣ. ಕನ್ನಡದಲ್ಲೇ ಬರೆಯೋಣ. ಶನಿವಾರದ ಕನ್ನಡ ತರಗತಿಯ ದೊಡ್ಡ ಮಕ್ಕಳಿಗೆ ಈ ಕೆಲಸ ಕೊಡಿ. ಅಜ್ಜ ಅಜ್ಜಿಯರ ಹತ್ತಿರ ಕೂತು ಕೇಳಿ ಬರೆಯಲಿ. ಕಾಗುಣಿತ ತಪ್ಪಿದರೆ ತಿದ್ದಬಹುದು, ಕೇಳುವುದು ತಡವಾದರೆ ತಿದ್ದಲಾಗದು. ಊಟದ ಸಾಲಿನ ಪಕ್ಕ ಒಂದು ಮೇಜಿನ ಮೇಲೆ ಉದ್ದದ ನೋಟ್‌ಬುಕ್ ಇಟ್ಟಿದ್ದೇನೆ, ಪೆನ್ನು ಕಟ್ಟಿದ್ದೇನೆ. ಇವತ್ತೇ ಶುರುವಾಗಲಿ.

ಇನ್ನೊಂದು, ಮುಂದಿನ ಶನಿವಾರ ಬೆಳಿಗ್ಗೆ ನಾನು ಸಂತ ಪೌಲರ ಚರ್ಚಿಗೆ ಹೋಗುವವನಿದ್ದೇನೆ. ಬರುವವರು ಬನ್ನಿ, ಯಾವ ಧರ್ಮದವರಾದರೂ ಸರಿ. ಕಿಂಗ್ ಬೀದಿಯ ಟ್ರಾಮ್ ಹಿಡಿದು ಪಾರ್ಲಿಮೆಂಟ್ ಬೀದಿಯಲ್ಲಿ ಇಳಿದರೆ ನಡೆದೇ ಹೋಗಬಹುದು. ಪೂಜೆ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕೂತಿದ್ದು, ಮುಗಿದ ಮೇಲೆ ಚಾವಣಿ ನೋಡೋಣ. ಆಮೇಲೆ ಬೀದಿಯಿಂದ ಸುತ್ತಿ ಸ್ಯಾಕ್‌ವಿಲ್ ಬೀದಿಯ ಕಡೆ ಹೋದರೆ ಬೇಲಿಯಾಚೆಗೆ ಶಾಲೆಯ ಅಂಗಳ ಕಾಣುತ್ತದೆ. ಅಲ್ಲಿಂದ ಡಿಸ್ಟಿಲರಿ ಹತ್ತಿರವೇ ಇದೆ, ಆದರೆ ಅಲ್ಲಿನ ಕಾಫಿ ದುಬಾರಿ. ಫ್ಲಾಸ್ಕಿನಲ್ಲಿ ನಾನೇ ತರುತ್ತೇನೆ. ಎಷ್ಟು ಜನ ಬರುತ್ತೀರೆಂದು ಆ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಬಿಡಿ.